ಎಲಿಜಬೆತ್ ಫ್ರೈ

ನಮ್ಮಲ್ಲಿ ಕರಿನೀರು ಎನ್ನುತ್ತಿದ್ದ ಶಿಕ್ಷೆಗೆ ಸಮನಾದ ಗಡೀಪಾರು ಇಂಗ್ಲೆಂಡಿನಲ್ಲಿ ಆಸ್ಟ್ರೇಲಿಯದ ಹೆಸರಿನಲ್ಲಿ ಜಾರಿಯಲ್ಲಿತ್ತು. ಲಂಡನ್ನಿನ ನ್ಯೂಗೇಟ್ ಸೆರೆಮನೆಯ ಸ್ತ್ರೀ ಕೈದಿಗಳಿಗೆ ಬೇಡಿ ತೊಡಿಸಿ, ತೆರೆದ ಗಾಡಿಗಳಲ್ಲಿ ಕೂರಿಸಿ, ನೆರೆದ ಜನರ ಗೇಲಿಯ ನಡುವೆ ನದಿಯ ದಡಕ್ಕೆ ಒಯ್ಯುತ್ತಿದ್ದರು. ಹೊರಡುವ ಮುನ್ನಾದಿನದ ರಾತ್ರಿ ಆ ಹೆಂಗಸರು ಕೈಗೆ ಸಿಕ್ಕಿದ್ದನ್ನೆಲ್ಲ ಒಡೆದುಹಾಕುವುದು ವಾಡಿಕೆ. ಗಲಭೆಯೇ ಬೇಡಿಗೆ ಸಮರ್ಥನೆ, ಬೇಡಿಯ ಅವಮಾನವೇ ಗಲಭೆಗೆ ಪ್ರೇರಣೆ. ಈ ವರ್ತುಲವನ್ನು ಮುರಿದವರು ಎಲಿಜಬೆತ್ ಫ್ರೈ.

1780ರ ಮೇ 21ರಂದು ನಾರ್ವಿಚ್ ನಗರದ ಸಿರಿವಂತ ಗರ್ನಿ ಮನೆತನದಲ್ಲಿ ಜನಿಸಿದ ಈಕೆ ಕ್ವೇಕರ್ ಪಂಥದವರು. 1800ರಲ್ಲಿ ಜೋಸೆಫ್ ಫ್ರೈ ಅವರೊಡನೆ ವಿವಾಹ, ಹನ್ನೊಂದು ಮಕ್ಕಳು. 1813ರಲ್ಲಿ ನ್ಯೂಗೇಟನ್ನು ಮೊದಲು ಕಂಡರು. 1817ರಲ್ಲಿ ಸಂಗಡಿಗರೊಡನೆ ಸಮಿತಿಯೊಂದನ್ನು ಕಟ್ಟಿ ಅಲ್ಲಿ ಓದು, ಹೊಲಿಗೆ ಕಲಿಸತೊಡಗಿದರು.

1818ರಲ್ಲಿ 'ಮರಿಯಾ' ಹಡಗು ಹೊರಡುವುದಿತ್ತು. ಫ್ರೈ ಸೆರೆಮನೆಯ ಮುಖ್ಯಾಧಿಕಾರಿಯನ್ನು ಒಪ್ಪಿಸಿ, ತೆರೆದ ಗಾಡಿಗಳ ಬದಲು ಮುಚ್ಚಿದ ಬಾಡಿಗೆ ಸಾರೋಟುಗಳನ್ನು ಗೊತ್ತುಮಾಡಿಸಿದರು. ಶಾಂತಿಯಿಂದಿದ್ದರೆ ತಾವೇ ಜೊತೆಗೆ ಬರುವುದಾಗಿ ಕೈದಿಗಳಿಗೆ ಮಾತು ಕೊಟ್ಟರು. ಆ ರಾತ್ರಿ ಗಲಭೆ ನಡೆಯಲಿಲ್ಲ. ಸಾರೋಟುಗಳ ಹಿಂದೆ ಆಕೆಯ ಗಾಡಿಯೂ ಡೆಟ್‌ಫರ್ಡ್ ದಡದವರೆಗೆ ಸಾಗಿತು.

ಆದರೆ ನ್ಯೂಗೇಟ್ ಒಂದೇ ಸೆರೆಮನೆಯಲ್ಲವಷ್ಟೆ. ದೂರದ ಜಿಲ್ಲೆಗಳಿಂದ ಹಡಗಿಗೆ ಬರುತ್ತಿದ್ದವರ ಪಾಡು ಮೊದಲಿನಂತೆಯೇ ಇತ್ತು. ಲ್ಯಾಂಕಾಸ್ಟರ್‌ನಿಂದ ಬಂದ ಹೆಂಗಸರ ಕೈಕಾಲುಗಳಿಗೆ ಕಬ್ಬಿಣದ ಬಳೆಗಳಿದ್ದವು. ಒಬ್ಬರಿಗೊಬ್ಬರನ್ನು ಸರಪಳಿಯಿಂದ ಬಿಗಿದಿದ್ದುದರಿಂದ ಒಬ್ಬಳು ಗಾಡಿಯಿಂದಿಳಿಯಬೇಕಾದರೆ ಎಲ್ಲರೂ ಎಳೆದಾಡಿಕೊಂಡು ಇಳಿಯಬೇಕು. ವೇಲ್ಸ್‌ನ ಕಾರ್ಡಿಗನ್‌ನಿಂದ ಬಂದವಳೊಬ್ಬಳ ಕಾಲು ಬಳೆಯೊಳಗೇ ಊದಿಕೊಂಡಿತ್ತು. ಅದನ್ನು ಅರದಿಂದ ಕತ್ತರಿಸುವಾಗ ಆಕೆ ಮೂರ್ಛೆ ಹೋದಳು. ಓಡಿಹೋಗುವ ಭಯಕ್ಕಿಂತ ಅಧಿಕಾರಿಗಳ ಅಭ್ಯಾಸಬಲವೇ ಇದರ ಹಿಂದೆ ಹೆಚ್ಚಾಗಿತ್ತೆಂದು ತೋರುತ್ತದೆ.

1823ರ ಸೆರೆಮನೆ ಕಾಯಿದೆ ಬೇಡಿಯ ಬಳಕೆಯನ್ನು ಮಿತಗೊಳಿಸಿತು. ಸ್ತ್ರೀ ಕೈದಿಗಳಿಗೆ ಸ್ತ್ರೀ ಮೇಲ್ವಿಚಾರಕಿಯರೇ ಇರಬೇಕೆಂದಿತು. ಆದರೆ ಅದು ಎಲ್ಲ ಸೆರೆಮನೆಗಳಿಗೂ ಅನ್ವಯಿಸಲಿಲ್ಲ. ಸರ್ಕಾರಿ ತನಿಖಾಧಿಕಾರಿಗಳ ವ್ಯವಸ್ಥೆ ಬಂದದ್ದು 1835ರಲ್ಲಿ. ಕಾಯಿದೆಯನ್ನು ನೆಚ್ಚಿ ಕೂರದೆ ಫ್ರೈ ಮತ್ತು ಅವರ ಸಮಿತಿ ನೂರಕ್ಕೂ ಹೆಚ್ಚು ಹಡಗುಗಳನ್ನು ಸಂದರ್ಶಿಸಿತು. 1828ರಲ್ಲಿ ಪತಿಯ ಬ್ಯಾಂಕು ದಿವಾಳಿಯೆದ್ದಾಗ ನಿಂದೆಯೂ ಬಂತು, ಕೆಲಸ ನಿಲ್ಲಲಿಲ್ಲ.

ಪ್ರತಿ ಕೈದಿಗೂ ಸಮಿತಿ ಸೂಜಿ, ದಾರ, ತುಂಡುಬಟ್ಟೆಗಳ ಗಂಟೊಂದನ್ನು ಕೊಡುತ್ತಿತ್ತು. 1841ರಲ್ಲಿ 'ರಾಜಾ' ಹಡಗಿನ ಹೆಂಗಸರು ಪ್ರಯಾಣದುದ್ದಕ್ಕೂ ಕೂಡಿ ಹೊಲಿದ ದೊಡ್ಡ ಕೌದಿ ಇಂದು ಕ್ಯಾನ್‌ಬೆರಾದ ರಾಷ್ಟ್ರೀಯ ಕಲಾಸಂಗ್ರಹಾಲಯದಲ್ಲಿದೆ. ಫ್ರೈ 1845ರ ಅಕ್ಟೋಬರ್ 12ರಂದು ರಾಮ್ಸ್‌ಗೇಟ್‌ನಲ್ಲಿ ತೀರಿಕೊಂಡರು.