ಪರದೆಯ ಮೇಲಿನ ಹುಸಿ ಮೇಷ್ಟ್ರು ವಿಲ್ ಹೇ

ಪಾಠವೇ ಬಾರದ ಉಪಾಧ್ಯಾಯ, ಕಲಿಯುವ ಮನಸ್ಸಿಲ್ಲದ ಹುಡುಗರು. ಇಷ್ಟನ್ನೇ ಬಂಡವಾಳವಾಗಿಸಿಕೊಂಡು 1930ರ ದಶಕದ ಬ್ರಿಟನ್ನನ್ನು ನಗಿಸಿದ ನಟ ವಿಲ್ ಹೇ. 1888ರ ಡಿಸೆಂಬರ್ 6ರಂದು ಇಂಗ್ಲೆಂಡಿನ ಸ್ಟಾಕ್‌ಟನ್‌ನಲ್ಲಿ ಜನಿಸಿದ ಅವರು ಎಂಜಿನಿಯರಿಂಗ್ ವೃತ್ತಿಯನ್ನು ಕಲಿಯಲು ಸೇರಿ, ಬಳಿಕ ರಂಗಭೂಮಿಯತ್ತ ಹೊರಳಿದರು. ಶಿಕ್ಷಕಿಯಾಗಿದ್ದ ಸೋದರಿ ಹೇಳುತ್ತಿದ್ದ ತರಗತಿಯ ಪ್ರಸಂಗಗಳೇ ಅವರ ಮೇಷ್ಟ್ರ ಪಾತ್ರಕ್ಕೆ ಪ್ರೇರಣೆ.

1935ರ 'ಬಾಯ್ಸ್ ವಿಲ್ ಬಿ ಬಾಯ್ಸ್' ಚಿತ್ರದಲ್ಲಿ ಈ ಮೇಷ್ಟ್ರು ಮುಖ್ಯೋಪಾಧ್ಯಾಯರ ಪದವಿಗೇರುವುದು ಖೋಟಾ ಶಿಫಾರಸು ಪತ್ರದ ಬಲದಿಂದ. 1937ರಲ್ಲಿ ಬಂದ 'ಗುಡ್ ಮಾರ್ನಿಂಗ್, ಬಾಯ್ಸ್' ಇನ್ನೂ ಒಂದು ಹೆಜ್ಜೆ ಮುಂದೆ. ಇಲ್ಲಿ ಗುರುಶಿಷ್ಯರು ಜೊತೆಗೂಡಿ ಕುದುರೆ ಜೂಜಾಡುತ್ತಾರೆ. ಫ್ರೆಂಚ್ ಭಾಷೆಯ ಗಂಧವೇ ಇಲ್ಲದ ಹುಡುಗರು ಪರೀಕ್ಷೆಯಲ್ಲಿ ನಕಲು ಮಾಡಿ ಗೆಲ್ಲುತ್ತಾರೆ. ದಂಡನೆಯಾಗಬೇಕಾದ ತಪ್ಪಿಗೆ ದೊರೆಯುವುದು ಪ್ಯಾರಿಸ್ ಪ್ರವಾಸದ ಬಹುಮಾನ! ಅಲ್ಲಿ ಮೋನಾಲಿಸಾ ಚಿತ್ರದ ಕಳವಿನ ಸಂಚಿನಲ್ಲಿ ಎಲ್ಲರೂ ಸಿಲುಕುತ್ತಾರೆ. ನಕಲಿನ ಹೊಣೆಯನ್ನು ಹುಡುಗರ ತಲೆಗಷ್ಟೇ ಕಟ್ಟದಿರುವುದು ಈ ಚಿತ್ರಗಳ ಹೆಚ್ಚುಗಾರಿಕೆ. ಮೇಷ್ಟ್ರ ಕುರ್ಚಿಯೇ ಸುಳ್ಳಿನ ಮೇಲೆ ನಿಂತಿರುವಾಗ ಶಿಷ್ಯರನ್ನು ಗದರಿಸುವ ನೈತಿಕ ಬಲ ಎಲ್ಲಿಂದ ಬರಬೇಕು?

ಸಂಸಾರದ ಸುಳ್ಳುಗಳೂ ಅವರಿಗೆ ವಸ್ತುವಾದವು. 1934ರ 'ದೋಸ್ ವರ್ ದಿ ಡೇಸ್' ಚಿತ್ರದಲ್ಲಿ ಪತ್ನಿ ತನ್ನ ವಯಸ್ಸನ್ನು ಮರೆಮಾಚಲು ಬೆಳೆದ ಮಗನನ್ನೇ ಚಿಕ್ಕ ಬಾಲಕನೆಂದು ಗಂಡನಿಗೆ ನಂಬಿಸುತ್ತಾಳೆ. ನಿಜಜೀವನದಲ್ಲಿ, 1907ರಲ್ಲಿ ಗ್ಲಾಡಿಸ್ ಪರ್ಕಿನ್ಸ್ ಅವರನ್ನು ವರಿಸಿದ್ದ ಹೇ, ಮೂವರು ಮಕ್ಕಳಾದ ಮೇಲೆ ಅವರಿಂದ ದೂರವಾದರು.

ಪರದೆಯ ಮೇಲೆ ಏನೂ ತಿಳಿಯದವರಂತೆ ತಡವರಿಸುತ್ತಿದ್ದ ಇವರು ನಿಜದಲ್ಲಿ ಅಪಾರ ಓದಿನ ಮನುಷ್ಯ. ಹಲವು ಭಾಷೆಗಳನ್ನು ಬಲ್ಲವರಾಗಿದ್ದರು. 1932ರಲ್ಲಿ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿಯ ಫೆಲೋ ಆದರು. 1933ರ ಆಗಸ್ಟ್ 3ರ ರಾತ್ರಿ, ಲಂಡನ್ನಿನ ನಾರ್ಬರಿಯ ತಮ್ಮ ಮನೆಯಿಂದ ಆರು ಇಂಚಿನ ದೂರದರ್ಶಕದ ಮೂಲಕ ನೋಡುತ್ತಿದ್ದಾಗ ಶನಿಗ್ರಹದ ಮೇಲೆ ದೊಡ್ಡದೊಂದು ಬಿಳಿ ಮಚ್ಚೆಯನ್ನು ಗುರುತಿಸಿದರು. ಅದು ಅಲ್ಲಿನ ವಾತಾವರಣದಲ್ಲಿ ಎದ್ದ ಭಾರಿ ಬಿರುಗಾಳಿ. ವಿಜ್ಞಾನದ ಬರಹಗಳಿಗೆ ಡಬ್ಲ್ಯು.ಟಿ. ಹೇ ಎಂದೇ ಸಹಿ ಹಾಕುತ್ತಿದ್ದರು. ನಗೆನಟನ ಹೆಸರು ಕಂಡರೆ ಶೋಧವನ್ನೂ ನಗೆಯಾಡುವವರಿಗೆ ಬರವೇನಿರಲಿಲ್ಲ. 1935ರಲ್ಲಿ 'ಥ್ರೂ ಮೈ ಟೆಲಿಸ್ಕೋಪ್' ಎಂಬ ಪುಸ್ತಕವನ್ನೂ ಹೊರತಂದರು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ನೌಕಾ ತರಬೇತಿಯ ಹುಡುಗರಿಗೆ ಖಗೋಳದ ಪಾಠ ಹೇಳಿದರು. ಪರದೆಯ ಹುಸಿ ಮೇಷ್ಟ್ರು ಹೀಗೆ ನಿಜವಾಗಿಯೂ ಮೇಷ್ಟ್ರಾದರು. 1943ರ 'ಮೈ ಲರ್ನೆಡ್ ಫ್ರೆಂಡ್' ಅವರ ಕಡೆಯ ಚಿತ್ರ. ಬಳಿಕ ಅನಾರೋಗ್ಯ ಕಾಡಿತು. 1949ರ ಏಪ್ರಿಲ್ 18ರಂದು ಲಂಡನ್ನಿನಲ್ಲಿ ನಿಧನ ಹೊಂದಿದರು. 3125ನೇ ಸಂಖ್ಯೆಯ ಕ್ಷುದ್ರಗ್ರಹಕ್ಕೆ ಅವರ ಹೆಸರನ್ನಿಡಲಾಗಿದೆ.