ಕವರ್ ಮೇಲೆ ಇಲ್ಲದ ಹೆಸರು: ಲೆಸ್ಟರ್ ಡೆಂಟ್

ಎಂಜಿನಿಯರಿಂಗ್ ಓದುವಾಗ ಅವೆನ್ಯೂ ರೋಡ್ ಫುಟ್‌ಪಾತ್‌ನಲ್ಲಿ ಹಳೇ ಟೆಕ್ಸ್ಟ್ ಬುಕ್ ಹುಡುಕ್ತಾ ಇದ್ದೆ. ಕೈಗೆ ಸಿಕ್ಕಿದ್ದು ಒಂದು ಇಂಗ್ಲಿಷ್ ಪಾಕೆಟ್ ಪುಸ್ತಕ. ಮುಖಪುಟದಲ್ಲಿ ಅಂಗಿ ಹರಿದ, ಕಂಚಿನ ಮೈಬಣ್ಣದ ಕಟ್ಟುಮಸ್ತಾದ ಆಳು. ಹೀರೋ ಡಾಕ್ ಸ್ಯಾವೇಜ್, ಲೇಖಕ ಕೆನೆತ್ ರೋಬ್ಸನ್. ಅಂಥ ಲೇಖಕನೇ ಇರಲಿಲ್ಲ ಅಂತ ಗೊತ್ತಾಗಿದ್ದು ಎಷ್ಟೋ ವರ್ಷ ಆದ್ಮೇಲೆ.

ಬಹುಪಾಲು ಬರೆದವರು ಲೆಸ್ಟರ್ ಡೆಂಟ್. 1904ರಲ್ಲಿ ಅಮೆರಿಕದ ಮಿಸೌರಿಯ ಲಾ ಪ್ಲಾಟಾ ಎಂಬ ಪುಟ್ಟ ಊರಲ್ಲಿ ಹುಟ್ಟಿ, ವಯೋಮಿಂಗ್‌ನ ಒಂಟಿ ರಾಂಚ್‌ನಲ್ಲಿ ಆಡಲು ಜೊತೆಗಾರರಿಲ್ಲದೆ ಬೆಳೆದರು. ಮುಂದೆ ಟಲ್ಸಾದಲ್ಲಿ ಅಸೋಸಿಯೇಟೆಡ್ ಪ್ರೆಸ್‌ನ ಟೆಲಿಗ್ರಾಫ್ ಆಪರೇಟರ್. ಸಹೋದ್ಯೋಗಿಯೊಬ್ಬ ಪಲ್ಪ್ ಪತ್ರಿಕೆಗೆ ಕಥೆ ಮಾರಿದ್ದು ನೋಡಿ, ರಾತ್ರಿ ಪಾಳಿಯಲ್ಲಿ ತಾನೂ ಟೈಪ್ ಮಾಡೋಕೆ ಕೂತರು. 1929ರಲ್ಲಿ ಮೊದಲ ಕಥೆ ಅಚ್ಚಾಯ್ತು.

ಸ್ಟ್ರೀಟ್ ಅಂಡ್ ಸ್ಮಿತ್ ಪ್ರಕಾಶನ ಸಂಸ್ಥೆ 1933ರ ಮಾರ್ಚ್‌ನಲ್ಲಿ ಹತ್ತು ಸೆಂಟ್ ಬೆಲೆಯ ಡಾಕ್ ಸ್ಯಾವೇಜ್ ಪತ್ರಿಕೆ ಶುರು ಮಾಡಿತು. ಹೀರೋನ ಮೂಲ ಕಲ್ಪನೆ ಸಂಸ್ಥೆಯದ್ದೇ. ಅದಕ್ಕೆ ಜೀವ ತುಂಬಿದ್ದು ಡೆಂಟ್. ಮಹಾ ಕುಸಿತದ ಕಾಲದಲ್ಲಿ ಕಾದಂಬರಿಗೆ 500 ಡಾಲರ್ ಸಣ್ಣ ಮೊತ್ತವಲ್ಲ. ಆದರೆ ಹಕ್ಕು ಸಂಸ್ಥೆಗೆ, ಹೆಸರು ಸಂಸ್ಥೆಯ ಅಂಕಿತನಾಮಕ್ಕೆ. ತಿಂಗಳಿಗೊಂದು ಕಾದಂಬರಿ!

ಹೇಗೆ ಸಾಧ್ಯ ಅಂದ್ರೆ, ಅವರ ಹತ್ರ ಸೂತ್ರ ಇತ್ತು. 6000 ಪದಗಳ ಕಥೆಯನ್ನು 1500ರ ನಾಲ್ಕು ಭಾಗ ಮಾಡು. ಪ್ರತಿ ಭಾಗದಲ್ಲೂ ನಾಯಕನನ್ನು ಇನ್ನಷ್ಟು ಆಳದ ಗುಂಡಿಗೆ ತಳ್ಳು, ಕೊನೆಗೊಂದು ತಿರುವು ಕೊಡು. ನನ್ನಂಥವನಿಗೆ ಇದು ಫ್ಲೋಚಾರ್ಟ್. ಸಾಹಿತ್ಯದವರು ಮೂಗು ಮುರಿಯಬಹುದು, ಮುರೀಲಿ. ಗ್ಯಾಜೆಟ್‌ಗಳ ಹುಚ್ಚಿದ್ದ ಮನುಷ್ಯ, ದೋಣಿ ಕೊಂಡು ಕೆರಿಬಿಯನ್‌ನಲ್ಲಿ ನಿಧಿ ಹುಡುಕಿದವರೂ ಹೌದು. ಆ ಚಟವೆಲ್ಲ ಕಥೆಗೆ ಇಳಿದಿದೆ. ಆರ್ಕ್ಟಿಕ್‌ನಲ್ಲಿ ನಾಯಕನೊಬ್ಬನ ಏಕಾಂತ ಕೋಟೆ ಅಂದ್ರೆ ನಮಗೆ ಸೂಪರ್‌ಮ್ಯಾನ್ ನೆನಪಾಗ್ತಾನೆ. ಅದು ಮೊದಲು ಇದ್ದದ್ದು ಡಾಕ್‌ಗೆ.

1949ರಲ್ಲಿ 181ನೇ ಸಂಚಿಕೆಗೆ ಪತ್ರಿಕೆ ನಿಂತಿತು. ಡೆಂಟ್ ಅಷ್ಟರಲ್ಲಿ ಲಾ ಪ್ಲಾಟಾಗೆ ಮರಳಿದ್ದರು. ಡೈರಿ ಫಾರಂ, ವಿಮಾನದಿಂದ ಫೋಟೋ ತೆಗೆಯುವ ವ್ಯವಹಾರ, ನಡುನಡುವೆ ಬರವಣಿಗೆ. 1959ರ ಮಾರ್ಚ್ 11ರಂದು, ಹೃದಯಾಘಾತವಾದ ಕೆಲವೇ ವಾರಗಳಲ್ಲಿ, ತೀರಿಕೊಂಡರು.

ಐದು ವರ್ಷ. ಬರೀ ಐದು ವರ್ಷ! 1964ರಲ್ಲಿ ಬ್ಯಾಂಟಮ್ ಸಂಸ್ಥೆ ಈ ಕಥೆಗಳನ್ನು ಪೇಪರ್‌ಬ್ಯಾಕ್‌ನಲ್ಲಿ ತಂದಿತು. ಜೇಮ್ಸ್ ಬಾಮಾ ಬರೆದ ಮುಖಪುಟ ನೋಡಿಯೇ ಹೊಸ ಪೀಳಿಗೆ ಕೊಂಡಿತು. 1990ರ ಹೊತ್ತಿಗೆ ಅಷ್ಟೂ ಕಾದಂಬರಿ ಮರುಮುದ್ರಣವಾದವು, ಡೆಂಟ್ ಕಾಲದಲ್ಲಿ ಅಚ್ಚಾಗದೆ ಉಳಿದಿದ್ದ ಒಂದೂ ಸೇರಿ. ಕವರ್ ಮೇಲೆ ಮಾತ್ರ ಅದೇ ರೋಬ್ಸನ್.

ಈಗಿನ ಓದುಗರಿಗೆ ಕೊಡುವಾಗ ಇದನ್ನೆಲ್ಲ ತಿದ್ದಬೇಕಾ? ಡಾಕ್ ಸೆರೆಸಿಕ್ಕ ಪಾತಕಿಗಳ ಮಿದುಳಿಗೆ ಶಸ್ತ್ರಚಿಕಿತ್ಸೆ ಮಾಡಿ ನೆನಪು ಅಳಿಸ್ತಾನೆ. ಅಂದು ಅದು ದಯೆ ಅನಿಸಿತ್ತು, ನನಗೆ ಮೈ ನಡುಗುತ್ತೆ. ಪರದೇಶದವರ ಚಿತ್ರಣವೂ ಹಲವು ಕಡೆ ಹಳಸಲು. ಆದ್ರೂ ಕತ್ತರಿ ಬೇಡ ಅಂತೀನಿ. ಮೊದಲ ಪುಟದಲ್ಲಿ ಬರೆದ ವರ್ಷ, ಬರೆದವರ ನಿಜವಾದ ಹೆಸರು ಹಾಕಿ ಸಾಕು. 2006ರಲ್ಲಿ ಶುರುವಾದ ಮರುಮುದ್ರಣಗಳು ಹಳೇ ಪತ್ರಿಕೆಯ ಚಿತ್ರಗಳ ಜೊತೆ ಡೆಂಟ್ ಹೆಸರನ್ನೂ ಮುಂದೆ ತಂದವು. ಫುಟ್‌ಪಾತ್‌ನ ನನ್ನ ಪ್ರತಿಯಲ್ಲಿ ಆ ಹೆಸರನ್ನ ಪೆನ್ಸಿಲ್‌ನಲ್ಲಿ ನಾನೇ ಬರ್ಕೊಂಡಿದ್ದೀನಿ.