ಸಾರ್ಜೆಂಟ್ ಯಾರ್ಕ್

ಅಮೆರಿಕೆಯ ಟೆನೆಸಿ ಸಂಸ್ಥಾನದ ಗುಡ್ಡಗಾಡಿನಲ್ಲಿ ಪಾಲ್ ಮಾಲ್ ಎಂಬ ಹಳ್ಳಿ. ಆಲ್ವಿನ್ ಯಾರ್ಕ್ ಅಲ್ಲಿ ಹುಟ್ಟಿದ್ದು 1887ರ ಡಿಸೆಂಬರ್ 13ರಂದು. ಹನ್ನೊಂದು ಮಕ್ಕಳಲ್ಲಿ ಮೂರನೆಯವ. ಅಪ್ಪ ಬೇಸಾಯದ ಜೊತೆಗೆ ಕಮ್ಮಾರಿಕೆ ಮಾಡುತ್ತಿದ್ದ. ಶಾಲೆಗೆ ಹೋಗಿದ್ದೆಲ್ಲ ಕೂಡಿಸಿದರೆ ಒಂದು ವರ್ಷವೂ ತುಂಬದು. ಗುರಿಯಿಟ್ಟು ಹೊಡೆಯೋದನ್ನು ಮಾತ್ರ ಕಾಡೇ ಕಲಿಸಿತು. 1911ರಲ್ಲಿ ಅಪ್ಪ ತೀರಿಕೊಂಡ. ತಾಯಿಯನ್ನೂ ತಮ್ಮ ತಂಗಿಯರನ್ನೂ ಸಾಕುವ ಹೊಣೆ ಬಿತ್ತು. ಕುಡಿತ, ಜೂಜು, ಹೊಡೆದಾಟವೂ ಜೊತೆಗೇ ನಡೆದಿತ್ತು. ಒಬ್ಬ ಜೀವದ ಗೆಳೆಯ ಅಂಥದೇ ಹೊಡೆದಾಟದಲ್ಲಿ ಸತ್ತ. ಅದಾದ ಮೇಲೆ, 1915ರ ಆರಂಭದಲ್ಲಿ, ಯಾರ್ಕ್ ಊರಿನ ಸಣ್ಣ ಕ್ರೈಸ್ತ ಸಭೆಯೊಂದಕ್ಕೆ ಸೇರಿ ಎಲ್ಲ ಚಟಗಳನ್ನೂ ಬಿಟ್ಟ.

ಆ ಸಭೆಯವರಿಗೆ ಕೊಲೆ ಎಂದರೆ ಕೊಲೆಯೇ, ಯುದ್ಧದಲ್ಲಾದರೂ ಸರಿ. 1917ರಲ್ಲಿ ಅಮೆರಿಕ ಮಹಾಯುದ್ಧಕ್ಕೆ ಇಳಿದು ಕಡ್ಡಾಯ ಸೇನಾಭರ್ತಿ ಶುರುಮಾಡಿದಾಗ ಯಾರ್ಕ್ ತನಗೆ ವಿನಾಯಿತಿ ಬೇಕೆಂದು ಅರ್ಜಿ ಹಾಕಿದ. ಅವನ ಸಭೆಗೆ ಸರಕಾರದ ಮನ್ನಣೆ ಇರಲಿಲ್ಲ, ಅರ್ಜಿ ತಿರಸ್ಕೃತವಾಯಿತು. ಕೊನೆಗೆ ಜಾರ್ಜಿಯಾದ ಕ್ಯಾಂಪ್ ಗಾರ್ಡನ್ನಿಗೆ ಹೋದ. ಅಲ್ಲಿ ಎಲ್ಲರಿಗಿಂತ ಚೆನ್ನಾಗಿ ಗುರಿ ಹೊಡೆಯುತ್ತಿದ್ದವನೇ ಕೊಲ್ಲಲಾರೆ ಅಂತ ಹೇಳುತ್ತಿದ್ದ!

ಬೇರೆ ಅಧಿಕಾರಿಗಳಾಗಿದ್ದರೆ ಕೋರ್ಟ್ ಮಾರ್ಷಲ್ ಮಾಡುತ್ತಿದ್ದರೇನೋ. ಇವನ ಪುಣ್ಯಕ್ಕೆ ಕ್ಯಾಪ್ಟನ್ ಡ್ಯಾನ್‌ಫೋರ್ತ್ ಮತ್ತು ಮೇಜರ್ ಬಕ್ಸ್‌ಟನ್ ಬೈಬಲ್ ಓದಿಕೊಂಡವರು. ಅವರು ಅವನೊಡನೆ ಕೂತು ವಾದಿಸಿದರು. ಇವನು ಪರ್ವತ ಪ್ರಸಂಗವನ್ನು ಎತ್ತಿದರೆ ಅವರು ಯೆಹೆಜ್ಕೇಲನ ಗ್ರಂಥದ ಕಾವಲುಗಾರನನ್ನು ಎತ್ತುವರು: ಖಡ್ಗ ಬರುವುದನ್ನು ಕಂಡೂ ಕೊಂಬು ಊದದವನ ಮೇಲೆಯೇ ಸತ್ತವರ ರಕ್ತದ ಹೊಣೆ. ಯೋಚಿಸಲು ರಜೆಯನ್ನೂ ಕೊಟ್ಟರು. ಯಾರ್ಕ್ ಊರಿಗೆ ಬಂದು ಬೆಟ್ಟ ಹತ್ತಿ ರಾತ್ರಿಯೆಲ್ಲ ಪ್ರಾರ್ಥಿಸಿದ. ಹೋಗಬೇಕಾದ್ದು ದೇವರ ಚಿತ್ತ, ತಾನು ಬದುಕಿ ಬರುವೆ ಎಂಬ ಭರವಸೆ ಹುಟ್ಟಿತು, ದಳಕ್ಕೆ ಮರಳಿದ. ಅವನು ಕಂಡುಕೊಂಡ ಉತ್ತರವನ್ನು ಒಪ್ಪಬೇಕಾಗಿಲ್ಲ. ಆದರೆ ಅವನು ಪ್ರಶ್ನೆಯಿಂದ ನುಣುಚಿಕೊಳ್ಳಲಿಲ್ಲ ನೋಡಿ, ಅದು ದೊಡ್ಡದು.

1918ರ ಅಕ್ಟೋಬರ್ 8ರಂದು ಫ್ರಾನ್ಸಿನ ಆರ್ಗಾನ್ ಕಾಡಿನಲ್ಲಿ ಹದಿನೇಳು ಮಂದಿಯ ತುಕಡಿ ಶತ್ರುಗಳ ಹಿಂಬದಿಗೆ ನುಸುಳಿತು. ಒಂದಿಷ್ಟು ಜರ್ಮನರನ್ನು ಹಿಡಿಯುವಷ್ಟರಲ್ಲಿ ಮೇಲಿನ ದಿಣ್ಣೆಯ ಮೆಷಿನ್ ಗನ್ನುಗಳು ಇತ್ತ ತಿರುಗಿದವು. ಆರು ಜನ ಸತ್ತರು, ಮೂವರು ಗಾಯಗೊಂಡರು. ಮುಂದಾಳು ಸಾರ್ಜೆಂಟ್ ಅರ್ಲಿಯೂ ಬಿದ್ದ. ಆಗ ಕಾರ್ಪೊರಲ್ ಆಗಿದ್ದ ಯಾರ್ಕ್ ಮುಂದಾಳಾದ. ತಲೆಯೆತ್ತಿದವರನ್ನು ಒಬ್ಬೊಬ್ಬರನ್ನಾಗಿ ಹೊಡೆಯುತ್ತ, ನಡುನಡುವೆ ಶರಣಾಗಿ, ಇನ್ನು ಕೊಲ್ಲಿಸಬೇಡಿ ಎಂದು ಕೂಗುತ್ತಿದ್ದ. ಕೊನೆಗೆ ಜರ್ಮನ್ ಅಧಿಕಾರಿಯೇ ಮಣಿದ. ದಂಡಿಗೆ ಬಂದ ಸೆರೆಯಾಳುಗಳು 132.

ಮರುವರ್ಷ ದೇಶದ ಅತ್ಯುನ್ನತ ಪದಕ, ಮೆಡಲ್ ಆಫ್ ಆನರ್, ಸಿಕ್ಕಿತು. ಸೇನಾಧಿಕಾರಿಗಳು ಅವನನ್ನೇ ಆ ಜಾಗಕ್ಕೆ ಕರೆದೊಯ್ದು ಹೇಗೆ ಸಾಧ್ಯವಾಯಿತೆಂದು ಕೇಳಿದಾಗ, ಇದು ಮನುಷ್ಯನ ಕೈಯಲ್ಲಾದದ್ದಲ್ಲ, ದೇವರು ಕಾಪಾಡಿದ್ದು ಅಂತ ಉತ್ತರ ಕೊಟ್ಟ. ಪತ್ರಿಕೆಗಳಿಗೆ ಬೇಕಾಗಿದ್ದುದು ಒಬ್ಬನೇ ವೀರ. ಉಳಿದವರು ಮರೆಗೆ ಸರಿದರು. ಅರ್ಲಿಗೆ ಪದಕ ಬಂದದ್ದು 1929ರಲ್ಲಿ. ಈ ಅನ್ಯಾಯ ಯಾರ್ಕ್‌ನದಲ್ಲ, ಆದರೆ ಅವನ ಹೆಸರಿಗೆ ಅಂಟಿಕೊಂಡೇ ಬಂತು.

1919ರ ಮೇ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ಭಾರಿ ಮೆರವಣಿಗೆ. ಜಾಹೀರಾತು, ನಾಟಕ, ಸಿನಿಮಾದವರು ದುಡ್ಡಿನ ಚೀಲ ಹಿಡಿದು ಬಂದರು. ಸಮವಸ್ತ್ರ ಮಾರಾಟಕ್ಕಿಲ್ಲ ಎಂಬ ನಿಲುವಿನಲ್ಲಿ ಎಲ್ಲರನ್ನೂ ವಾಪಸು ಕಳಿಸಿ, ಊರಿಗೆ ಬಂದು ಜೂನ್ 7ರಂದು ತನ್ನ ಗ್ರೇಸಿಯನ್ನು ಮದುವೆಯಾದ. ಜನ ಚಂದಾ ಎತ್ತಿ ಹೊಲ ಕೊಡಿಸಹೊರಟರು. ಚಂದಾ ಸಾಲದೆ, ಸನ್ಮಾನದ ಹೊಲವೇ ಸಾಲವಾಗಿ ಕೂತಿತು. ಅವನಿಗೆ ಬೇಕಾಗಿದ್ದುದು ಬೇರೆ: ತಾನು ಓದದ ಊರಿನ ಮಕ್ಕಳು ಓದಬೇಕು. ಅದಕ್ಕಾಗಿ ಜೇಮ್ಸ್‌ಟೌನಿನಲ್ಲಿ ಯಾರ್ಕ್ ಇನ್‌ಸ್ಟಿಟ್ಯೂಟ್ ಕಟ್ಟಲು ಊರೂರು ತಿರುಗಿ ಭಾಷಣ ಮಾಡಿ ಹಣ ಕೂಡಿಸಿದ. ಸಾಲದ್ದಕ್ಕೆ ಹೊಲವನ್ನೇ ಅಡವಿಟ್ಟ.

ಇಪ್ಪತ್ತು ವರ್ಷ ಬೇಡವೆಂದ ಸಿನಿಮಾಕ್ಕೆ ಕೊನೆಗೆ ಒಪ್ಪಿದ್ದೂ ಬೈಬಲ್ ಶಾಲೆಯೊಂದನ್ನು ಕಟ್ಟುವ ಆಸೆಯಿಂದ. 1941ರಲ್ಲಿ ಬಂದ ‘ಸಾರ್ಜೆಂಟ್ ಯಾರ್ಕ್’ ಗ್ಯಾರಿ ಕೂಪರನಿಗೆ ಆಸ್ಕರ್ ತಂದಿತು. ಯಾರ್ಕ್‌ಗೆ ತಂದದ್ದು ತೆರಿಗೆಯ ತಗಾದೆ! ಲೆಕ್ಕಪತ್ರ ಅರಿಯದ ಧಾರಾಳಿ. ಸಿನಿಮಾದ ದುಡ್ಡು ಶಾಲೆಗೂ ಕೈಚಾಚಿದವರಿಗೂ ಹೋಗಿತ್ತು. ಬಡ್ಡಿ ಸೇರಿ 1,72,000 ಡಾಲರ್ ಬಾಕಿ ಎಂದಿತು ಸರಕಾರ. 1954ರಲ್ಲಿ ಪಾರ್ಶ್ವವಾಯು ಹೊಡೆದು ಹಾಸಿಗೆ ಹಿಡಿದಿದ್ದ ಮನುಷ್ಯ ಅದನ್ನು ಎಲ್ಲಿಂದ ತಂದಾನು? 1961ರಲ್ಲಿ 25,000ಕ್ಕೆ ಇತ್ಯರ್ಥವಾಗಿ, ಆ ಹಣವನ್ನೂ ಜನರೇ ಚಂದಾ ಎತ್ತಿ ಕಟ್ಟಿದರು.

1964ರ ಸೆಪ್ಟೆಂಬರ್ 2ರಂದು ನ್ಯಾಶ್‌ವಿಲ್ಲಿನ ಆಸ್ಪತ್ರೆಯಲ್ಲಿ ತೀರಿಕೊಂಡ. ಅಧ್ಯಕ್ಷ ಜಾನ್ಸನ್ ಪರವಾಗಿ ಜನರಲ್ ರಿಜ್‌ವೇ ಬಂದಿದ್ದರು. ಮಣ್ಣು ಮಾಡಿದ್ದು ಪಾಲ್ ಮಾಲ್‌ನಲ್ಲೇ, ವುಲ್ಫ್ ನದಿಯ ಹೆಸರಿನ ಊರ ಸ್ಮಶಾನದಲ್ಲಿ. ಜೇಮ್ಸ್‌ಟೌನಿನ ಶಾಲೆಯಲ್ಲಿ ಆ ಸೀಮೆಯ ಮಕ್ಕಳು ಇಂದಿಗೂ ಓದುತ್ತಿದ್ದಾರೆ.